ನೂರ ಹದಿನೆಂಟನೆಯ ಯುಕುಲೆಲೆ

ಒಂದನೆಯದನ್ನು ಯಾರೂ ನಂಬುವುದಿಲ್ಲ ಎಂಬ ದರಿದ್ರ ಬುದ್ಧಿಯನ್ನು ನನ್ನ ತಲೆಗೆ ತುಂಬಿದವನು ಮರದ ಅಂಗಡಿಯವನು. ಅವನಿಗೆ ಒಳ್ಳೆಯದಾಗಲಿ. ಒಳ್ಳೆಯದಾಗಲಿ ಎಂದದ್ದು ಬಾಯಿಮಾತಿಗೆ, ಮನಸ್ಸಿನಲ್ಲಿರುವುದನ್ನು ಅಚ್ಚು ಹಾಕಿಸುವಂತಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವವನು. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಒಂದೊಂದೇ ಗಾಜು ಇಟ್ಟು "ಈಗ ಕಾಣುತ್ತಾ? ಈಗ?" ಎಂದು ಕೇಳುವುದು ನನ್ನ ಉದ್ಯೋಗ. ಅಂಥವನಿಗೆ ಯುಕುಲೆಲೆ ಮಾಡುವ ಹುಚ್ಚು ಹೇಗೆ ಹತ್ತಿತು ಎಂದು ನೀವು ಕೇಳಬೇಡಿ, ಹೆಂಡತಿ ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಾಳೆ. ಯುಕುಲೆಲೆ ಎಂದರೆ ಗಿಟಾರಿನ ಮರಿ. ನಾಲ್ಕೇ ತಂತಿ, ಮೊಳಕ್ಕಿಂತ ತುಸು ಉದ್ದ. ಇಷ್ಟು ಸಣ್ಣದನ್ನು ಮಾಡುವುದೇನು ಮಹಾ ಎಂದು ಮನೆಯ ಹಿಂದಿನ ಕೋಣೆಯಲ್ಲಿ ಶುರು ಮಾಡಿದೆ. ಹದಿನಾಲ್ಕು ತಿಂಗಳು ಹಿಡಿಯಿತು.

ನಗಬೇಡಿ. ಎರಡು ಮಿಲಿಮೀಟರ್ ದಪ್ಪದ ಮರದ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಸೊಂಟದ ಹಾಗೆ ಒಳಕ್ಕೊಮ್ಮೆ ಹೊರಕ್ಕೊಮ್ಮೆ ಬಗ್ಗಿಸಿ ನೋಡಿ, ಆಮೇಲೆ ನಗಿ. ಹನ್ನೊಂದು ಪಟ್ಟಿಗಳು ಬಗ್ಗುವ ಬದಲು ಲಟಕ್ಕೆಂದು ಮುರಿದವು. ಹನ್ನೆರಡನೆಯದೂ ಹದಿಮೂರನೆಯದೂ ಅಂತೂ ಬಗ್ಗಿದವು. ಅವುಗಳ ಒಳ ಅಂಚಿಗೆ ಇನ್ನೊಂದು ಸಣ್ಣ ಪಟ್ಟಿ ಅಂಟಿಸಿ, ಅಂಟು ಒಣಗುವ ತನಕ ಒತ್ತಿ ಹಿಡಿಯುವುದಕ್ಕೆ ಎಂಥೆಂಥ ಕುಶಲಕರ್ಮಿಗಳೂ ಬಟ್ಟೆ ಒಣಹಾಕುವ ಕ್ಲಿಪ್ಪನ್ನೇ ಬಳಸುತ್ತಾರೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಶಾಸ್ತ್ರ. ಆದರೆ ಶಾಸ್ತ್ರ ಹೆಂಡತಿಗೆ ಅರ್ಥವಾಗಬೇಕಲ್ಲ.

"ನಿಮ್ಮ ನೀಲಿ ಅಂಗಿ ಎದುರುಮನೆ ತಾರಸಿ ಮೇಲೆ ಕೂತಿದೆ, ಹೋಗಿ ಕರ್ಕೊಂಡ್ ಬನ್ನಿ," ಎನ್ನುತ್ತಿದ್ದಳು. "ಕ್ಲಿಪ್ಪಿಲ್ದೆ ಹಾಕಿದ್ರೆ ಇನ್ನೇನಾಗುತ್ತೆ?"

ಇನ್ನೇನು ವಾದ್ಯದ ಪೆಟ್ಟಿಗೆಗೆ ಮೇಲ್ಹಲಗೆ ಅಂಟಿಸಿ ಮುಚ್ಚಬೇಕು ಎನ್ನುವ ಹಂತಕ್ಕೆ ಬಂದಾಗ ಮರಳುಕಾಗದ ಕೊಳ್ಳಲು ಮರದ ಅಂಗಡಿಗೆ ಹೋದೆ. ವಾದ್ಯ ಮಾಡಿದವರು ಅದರ ಹೊಟ್ಟೆಯೊಳಗೆ, ತೂತಿನಿಂದ ಇಣುಕಿದರೆ ಕಾಣುವ ಹಾಗೆ, ಒಂದು ಚೀಟಿ ಅಂಟಿಸುತ್ತಾರೆ. ಅದರಲ್ಲಿ ಕ್ರಮಸಂಖ್ಯೆ ಇರುತ್ತದೆ. ಎಷ್ಟನೆಯ ವಾದ್ಯ ಎಂದು.

"ನಂಬರ್ ಎಷ್ಟು ಹಾಕ್ತೀರಿ?" ಎಂದು ಅಂಗಡಿಯವನು ಕೇಳಿದ.

"ಎಷ್ಟು ಅಂದ್ರೆ? ಒಂದು."

ಅವನು ನಕ್ಕ ರಭಸಕ್ಕೆ ಗೋಡೆಗೆ ಒರಗಿಸಿದ್ದ ಹಲಗೆಯೊಂದು ಜಾರಿ ಬಿತ್ತು. "ಅಯ್ಯೋ ಸಾರ್! ಇದು ನನ್ನ ಮೊದಲನೇ ಆಪರೇಷನ್ನು ಅಂತ ಯಾವ ಡಾಕ್ಟ್ರಾದ್ರೂ ರೋಗಿಗೆ ಹೇಳ್ತಾರಾ? ವಾದ್ಯ ಮಾಡೋರೆಲ್ಲ ನೂರೊಂದರಿಂದ ಶುರು ಮಾಡೋದು."

"ಹಾಗಾದ್ರೆ ನೂರೊಂದು ಹಾಕ್ಲಾ?"

"ಅದೂ ಬೇಡ. ನೂರೊಂದು ಅಂದ ಕೂಡ್ಲೇ ತಿಳಿದೋರಿಗೆ ಗೊತ್ತಾಗಿಬಿಡುತ್ತೆ, ಇದು ಒಂದು ಅಂತ. ನೂರ ಹದಿನೆಂಟು ಹಾಕಿ. ಅದ್ರಲ್ಲಿ ಒಂದು ಸತ್ಯ ಇದೆ ಅನ್ಸುತ್ತೆ."

ನನಗೂ ಅನ್ನಿಸಿತು. ಮನೆಗೆ ಬಂದು ಒಳ್ಳೆಯ ಕಾಗದದ ಮೇಲೆ, ಕಪ್ಪು ಶಾಯಿಯಲ್ಲಿ, "ಕೈಯಿಂದ ತಯಾರಿಸಿದ್ದು. ಕ್ರಮಸಂಖ್ಯೆ 118" ಎಂದು ಮುತ್ತು ಪೋಣಿಸಿದ ಹಾಗೆ ಬರೆದೆ. ನನ್ನಲ್ಲಿದ್ದ ಅಂಟುಗಳಲ್ಲೆಲ್ಲ ಗಟ್ಟಿಯಾದದ್ದನ್ನು ಬಳಿದು ಅಂಟಿಸಿ ಪೆಟ್ಟಿಗೆ ಮುಚ್ಚಿದೆ. ಜೀವನದಲ್ಲಿ ನಾನು ಅಂಟಿಸಿದ್ದರಲ್ಲಿ ಬಿಡದೆ ನಿಂತದ್ದು ಅದೊಂದೇ.

ಕತ್ತು ಕೂಡಿಸಿ, ತಂತಿ ಕಟ್ಟಿ ಮುಗಿಸಿದ ಭಾನುವಾರವೇ ಭಾವ ಬಂದ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಅವನ ಕಿವಿಗೆ ಬಿದ್ದದ್ದು ಊಟದ ಹೊತ್ತಿಗೆಲ್ಲ ಊರಿಗೆ ಗೊತ್ತಿರುವುದರಿಂದ ಮನೆಯವರೆಲ್ಲ ಅವನನ್ನು ಡಂಗುರ ಎಂದೇ ಕರೆಯುವುದು. ಅವನೆದುರಿಗೂ ಹಾಗೇ ಕರೆಯುತ್ತಾರೆ, ಅವನು ಅದನ್ನು ಬಿರುದು ಎಂದುಕೊಂಡಿದ್ದಾನೆ. ಮೇಜಿನ ಮೇಲಿದ್ದ ಯುಕುಲೆಲೆಯನ್ನು ಎತ್ತಿಕೊಂಡ, ಫೋನಿನ ಟಾರ್ಚು ಹಾಕಿ ತೂತಿನಲ್ಲಿ ಒಂದು ಕಣ್ಣಿಟ್ಟ.

"ನೂರ ಹದಿನೆಂಟು!" ಎಂದು ಕಿರುಚಿದ. "ಏನ್ರೀ ಇದು! ಹಿಂದಿನ ಕೋಣೇಲಿ ಏನೋ ಕುಟ್ತಾ ಇರ್ತೀರಿ ಅಂದ್ಕೊಂಡಿದ್ದೆ. ನೂರ ಹದಿನೇಳು ಆಗ್ಲೇ ಮಾಡಿ ಮುಗ್ಸಿದೀರಾ?"

ಇಲ್ಲಿ ಎರಡು ಅಕ್ಷರದ ಉತ್ತರ ಸಾಕಿತ್ತು. "ಇಲ್ಲ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷಗಳಲ್ಲಿ ಭಾವ ನನ್ನ ಬಗ್ಗೆ ಬಾಯಿ ತೆರೆದು ಆಶ್ಚರ್ಯಪಟ್ಟದ್ದು ಅದೇ ಮೊದಲು. ನಾನು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಏನೋ, ಹಾಗೇ, ಕೈಲಾದಷ್ಟು," ಎಂದೆ.

ಅಷ್ಟೇ. ಸಂಜೆಗೆ ಮೊದಲ ಫೋನು ಬಂತು. ಚಿಕ್ಕಮ್ಮನದು.

"ನನ್ನ ಮಗಳ ಮದುವೆಗೆ ಏನೋ ಕೊಟ್ಟೆ ನೀನು? ಗೋಡೆ ಗಡಿಯಾರ! ಮನೇಲಿ ನೂರ ಹದಿನೇಳು ವಾದ್ಯ ಪೇರಿಸಿಟ್ಕೊಂಡು ಗೋಡೆ ಗಡಿಯಾರ! ಅದೂ ಎರಡೇ ತಿಂಗಳಿಗೆ ನಿಂತೋಯ್ತು!"

ಹೆಂಡತಿ ಫೋನು ಕಿತ್ತುಕೊಂಡಳು. "ಚಿಕ್ಕಮ್ಮಾ, ದೇವರಾಣೆ, ಒಂದೇ ಒಂದು ಮಾಡಿರೋದು. ಅದೂ ಸೊಟ್ಟಗಿದೆ."

"ನೀನೂ ಅವನ ಜೊತೆ ಸೇರ್ಕೊಂಡ್ಯಾ? ಸುಳ್ಳು ಹೇಳೋದು ಕಲಿತುಬಿಟ್ಟೆ ಬಿಡು," ಎಂದು ಚಿಕ್ಕಮ್ಮ ಫೋನಿಟ್ಟಳು.

ಎರಡು ದಿನದಲ್ಲಿ ಏಳು ಫೋನು ಬಂದವು. ನಾವು ಒಂದೇ ಎಂದಷ್ಟೂ ಅವರಿಗೆ ಉಳಿದ ನೂರ ಹದಿನೇಳರ ಮೇಲಿನ ನಂಬಿಕೆ ಬಲವಾಗುತ್ತ ಹೋಯಿತು. ಮೂರನೆಯ ದಿನ ಮೇಲಿನ ಮನೆಯಿಂದ ಮನೆಯೊಡತಿ ಇಳಿದುಬಂದರು.

ಮನೆಯೊಡತಿ ಮಹಾ ಶಿಸ್ತಿನ ಹೆಂಗಸು. ಹನ್ನೊಂದು ವರ್ಷದಿಂದ ನಾವು ಅವರ ಕೆಳಮನೆಯಲ್ಲಿ ಬಾಡಿಗೆಗಿದ್ದೇವೆ, ಒಂದು ದಿನವೂ ಅವರು ಏರುದನಿಯಲ್ಲಿ ಮಾತನಾಡಿಲ್ಲ. ಅದಕ್ಕೇ ಅವರನ್ನು ಕಂಡರೆ ನನಗೆ ಭಯ. ಕೈಯಲ್ಲಿ ಬಾಡಿಗೆ ಕರಾರಿನ ಪ್ರತಿ ಇತ್ತು.

"ನಿಮ್ಮ ಭಾವ ಮೆಟ್ಟಿಲ ಹತ್ರ ಸಿಕ್ಕಿದ್ರು," ಎಂದರು. "ಫ್ಯಾಕ್ಟರಿ ತುಂಬಾ ಚೆನ್ನಾಗಿ ನಡೀತಿದೆಯಂತೆ. ಕರಾರಿನಲ್ಲಿ 'ವಾಸಕ್ಕೆ ಮಾತ್ರ' ಅಂತ ಇದೆ. ನೀವೇ ಓದ್ತೀರಾ, ನಾನು ಓದ್ಲಾ?"

"ಫ್ಯಾಕ್ಟರಿ ಅಲ್ಲ ಮೇಡಂ! ಒಂದೇ ಒಂದು! ನನ್ನ ಖುಷಿಗೆ!"

"ಒಂದೇ ಒಂದಾದ್ರೆ ನೂರ ಹದಿನೆಂಟು ಅಂತ ಯಾಕೆ ಬರೆದ್ರಿ?"

ನಾನು ಡಾಕ್ಟ್ರ ಮೊದಲನೇ ಆಪರೇಷನ್ನಿನ ಕಥೆ ಶುರು ಮಾಡಿದೆ. ಅದು ನನ್ನ ಬಾಯಲ್ಲಿ ಇನ್ನೂ ಕೆಟ್ಟದಾಗಿ ಕೇಳಿಸಿತು. ಅವರು ಶಾಂತವಾಗಿ ಹೇಳಿದರು: ನಗರಸಭೆಗೆ ಬರೆದು ಹಾಕಿದ್ದೇನೆ, ಮಂಗಳವಾರ ತನಿಖಾಧಿಕಾರಿ ಬರುತ್ತಾರೆ, ಇಲ್ಲಿ ತಯಾರಿಕೆ ನಡೆಯುತ್ತಿದೆ ಎಂದು ಅವರು ಬರೆದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ಹೇಳಿ, ಬಂದಷ್ಟೇ ಮೆತ್ತಗೆ ಮೆಟ್ಟಿಲು ಹತ್ತಿ ಹೋದರು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಎದುರು ಬೀದಿಯ ಶಾಲೆಯಲ್ಲಿ ಮೇಡಂ. ಮೊದಲ ಗಂಟೆ ಹೊಡೆದ ಮೇಲೆ ಚಪ್ಪಲಿ ಮೆಟ್ಟಿ ಹೊರಟರೂ ಎರಡನೆಯ ಗಂಟೆಗೆ ತರಗತಿಯಲ್ಲಿರುತ್ತಾಳೆ. ಹಿಂದಿನ ಮನೆಯಿಂದ ಎರಡು ಬಸ್ಸು ಹತ್ತಿ, ನಿಂತೇ ಹೋಗಿ, ಕಾಲು ಊದಿಸಿಕೊಂಡು ಬರುತ್ತಿದ್ದವಳು ಅವಳು. ಈ ಮನೆ ಸಿಕ್ಕಿದ ದಿನ ಅತ್ತುಬಿಟ್ಟಿದ್ದಳು.

"ಮತ್ತೆ ಎರಡು ಬಸ್ಸು ಹತ್ತೋಕೆ ನನ್ನ ಕೈಲಿ ಆಗಲ್ಲ ರೀ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. "ಆ ಚೀಟಿ ಕಿತ್ತುಹಾಕಿ."

ಹೇಳುವುದು ಸುಲಭ. ತೂತಿನ ಅಗಲ ಎರಡು ಅಂಗುಲ, ಚೀಟಿ ಅದರ ಕೆಳಗೆ ತುಸು ಒಳಕ್ಕೆ. ಇಡೀ ಚೀಟಿ ಬರುವುದಿಲ್ಲ, ಕೊನೆಯ ಎರಡು ಅಂಕೆ ಕೆರೆದು ತೆಗೆದರೆ ಬರೀ ಒಂದು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಕನ್ನಡಕದ ಸ್ಕ್ರೂ ತಿರುಗಿಸಿ ಪಳಗಿದ ಕೈ ನನ್ನದು. ಅಂಗಡಿಯಿಂದ ಸಣ್ಣ ಕನ್ನಡಿ ತಂದೆ, ಕಡ್ಡಿಯ ತುದಿಗೆ ಬ್ಲೇಡು ಕಟ್ಟಿದೆ, ಉಸಿರು ಬಿಗಿಹಿಡಿದು ಮಧ್ಯದ ಒಂದನ್ನು ಕೆರೆದು ಕೆರೆದು ಹೇಳಹೆಸರಿಲ್ಲದಂತೆ ಮಾಡಿದೆ. ಆಹಾ ಎಂದುಕೊಂಡು ಎಂಟಕ್ಕೆ ಕೈ ಹಾಕಿದೆ. ಕಡ್ಡಿ ಅಲ್ಲಿಗೆ ಎಟುಕಲಿಲ್ಲ. ಇನ್ನೊಂದು ಚೂರು ಒತ್ತಿದೆ, ಬ್ಲೇಡು ಕಳಚಿ ಒಳಗೇ ಬಿತ್ತು.

ಈಗ ಚೀಟಿಯಲ್ಲಿ ಒಂದು ಇತ್ತು, ಎಂಟು ಇತ್ತು, ನಡುವೆ ಕೆರೆದ ಗಾಯ ಇತ್ತು. ಅಲ್ಲಾಡಿಸಿದರೆ ಹೊಟ್ಟೆಯಲ್ಲಿ ಬ್ಲೇಡು ಕಟಕಟ ಎನ್ನುತ್ತಿತ್ತು. ಹೆಂಡತಿ ಇಣುಕಿ ನೋಡಿದಳು, ಹೋಗಿ ನೀರು ಕುಡಿದಳು.

ಮಂಗಳವಾರ ಹತ್ತು ಗಂಟೆಗೆ ತನಿಖಾಧಿಕಾರಿ ಬಂದರು. ಸಣಕಲು ಮನುಷ್ಯ, ಕಂಕುಳಲ್ಲಿ ದಪ್ಪ ಕಡತ. ಅವರ ಕನ್ನಡಕ ಎಡಕ್ಕೆ ವಾಲಿತ್ತು. ಸರಿಮಾಡೋಣವೆಂದು ನನ್ನ ಬೆರಳು ತುರಿಸುತ್ತಿತ್ತು. ಹಿಂದೆಯೇ ಮನೆಯೊಡತಿ ಕರಾರು ಹಿಡಿದು ಬಂದು ಗೋಡೆಗೆ ಒರಗಿ ನಿಂತರು.

"ಕೂತ್ಕೊಳ್ಳಿ ಸಾರ್," ಎಂದೆ.

"ಕೂರಲ್ಲ. ಕೂತ್ರೆ ಪರಿಚಯ ಬೆಳೆಯುತ್ತೆ." ನಮೂನೆ ತೆಗೆದರು, ಪೆನ್ನು ಬಿಚ್ಚಿದರು, ಯುಕುಲೆಲೆಯ ತೂತಿನಲ್ಲಿ ಇಣುಕಿದರು. ಅರ್ಧ ನಿಮಿಷ ಅಲ್ಲೇ ಇದ್ದರು. "ಮಧ್ಯದ ಅಂಕೆ ಕೆರೆದು ಹಾಕಿದೆ."

"ಅದು ಒಂದಾಗಿತ್ತು ಸಾರ್. ನೂರ ಹದಿನೆಂಟು."

"ಅದು ನಿಮ್ಮ ಹೇಳಿಕೆ. ಒಂಬತ್ತೂ ಆಗಿರಬಹುದು. ಕಡಿಮೆ ಇರೋದನ್ನ ಯಾರೂ ಕೆರೆಯಲ್ಲ." ಅವರು ಬರೆದುಕೊಂಡರು: ನೂರ ತೊಂಬತ್ತೆಂಟು ಇರಬಹುದೆಂದು ಶಂಕೆ. ವಾದ್ಯವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. "ಒಳಗೇನು?"

"ಬ್ಲೇಡು ಸಾರ್."

"ಬ್ಲೇಡು ಯಾಕೆ ಹಾಕ್ತೀರಿ?"

"ಹಾಕಿದ್ದಲ್ಲ ಸಾರ್, ಬಿತ್ತು," ಎಂದೆ. ಅವರು ಬುಟ್ಟಿಯಲ್ಲಿದ್ದ ಕ್ಲಿಪ್ಪುಗಳನ್ನು ಎಣಿಸತೊಡಗಿದರು. ನಡುವೆ ಒಮ್ಮೆ ಲೆಕ್ಕ ತಪ್ಪಿ ಮೊದಲಿನಿಂದ ಎಣಿಸಿದರು. "ಹಿಡಿತದ ಸಾಧನ ಅರವತ್ನಾಲ್ಕು. ಒಬ್ಬ ಕೆಲಸಗಾರನಿಗೆ ಎರಡು ಕೈ. ಮೂವತ್ತೆರಡು ಜನ ಎಲ್ಲಿ ಕೂರ್ತಾರೆ?"

"ಅದು ನನ್ನ ಬಟ್ಟೆ ಕ್ಲಿಪ್ಪು!" ಎಂದಳು ಹೆಂಡತಿ.

ಅದೇ ಹೊತ್ತಿಗೆ ಬಾಗಿಲು ದೂಡಿಕೊಂಡು ಡಂಗುರ ಬಂದ. ಯಾರೂ ಕರೆದಿರಲಿಲ್ಲ. ತಂಗಿಯ ಮನೆಗೆ ಅಧಿಕಾರಿ ಬರುತ್ತಾರೆಂದು ಕೇಳಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. "ಸಾರ್, ನಮ್ಮ ತಂಗಿ ಗಂಡ ಅಂತ ಹೇಳ್ತಿಲ್ಲ, ಕೈ ಅಂದ್ರೆ ಚಿನ್ನದ ಕೈ! ಹೊರದೇಶಕ್ಕೆಲ್ಲ ಹೋಗುತ್ತೆ! ಅಲ್ಲಿ ಕ್ಯೂ ನಿಂತಿದ್ದಾರಂತೆ!"

"ಅಣ್ಣಾ, ಬಾಯಿ ಮುಚ್ಚು!"

"ನೀನು ಸುಮ್ನಿರೇ, ನಿನಗೆ ಗಂಡನ ಬೆಲೆ ಗೊತ್ತಿಲ್ಲ."

ತನಿಖಾಧಿಕಾರಿ "ಹೊರದೇಶ" ಎಂದು ಬರೆದು ಎರಡು ಗೆರೆ ಎಳೆದರು. ಮನೆಯೊಡತಿ ಕರಾರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಕೆಲಸ ಮುಗಿದವರು ಹಾಗೆ ಇಟ್ಟುಕೊಳ್ಳುತ್ತಾರೆ.

ಆಗ ನನ್ನ ಹೆಂಡತಿ ಸೀದಾ ಹಿಂದಿನ ಕೋಣೆಗೆ ಹೋಗಿ ಒಂದು ರಟ್ಟಿನ ಡಬ್ಬಿ ತಂದು ಅಧಿಕಾರಿಯ ಕಾಲ ಬುಡದಲ್ಲಿ ಸುರಿದಳು. ಮುರಿದ ಹನ್ನೊಂದು ಪಟ್ಟಿಗಳು. ನಾನು ಅವನ್ನು ಎಸೆದಿರಲಿಲ್ಲ, ಎಸೆಯಲು ಮನಸ್ಸು ಬಂದಿರಲಿಲ್ಲ.

"ನೋಡಿ ಸಾರ್. ನೂರ ಹದಿನೇಳು ಮಾಡಿದೋರು ಹೀಗೆ ಮುರೀತಾರಾ?"

"ಅದು ಮರದ ತಪ್ಪು," ಎಂದೆ ನಾನು. "ಎಳೆ ಅಡ್ಡ ಇತ್ತು."

ಅವಳು ನನ್ನ ಕಾಲು ತುಳಿದಳು. "ತಂತಿ ಕಟ್ಟೋ ಈ ಪಟ್ಟಿ ನೋಡಿ, ಎರಡು ಸಲ ಕಿತ್ತು ಬಂದಿದೆ. ಒಂದು ಸಲ ಹಾರಿ ಇವರ ಹಣೆಗೇ ಬಡೀತು. ಈ ವಾದ್ಯದ ಕತ್ತು ನೋಡಿ, ಯಾವ ಕಡೆ ತಿರುಗಿದೆ?"

"ಒಂದು ಮಿಲಿಮೀಟರ್ ಅಷ್ಟೇ ಕಣೇ!"

"ಮೂರು ಸಾರ್. ನಾನೇ ಅಳತೆಪಟ್ಟಿ ಇಟ್ಟು ನೋಡಿದೀನಿ."

ಹದಿನಾಲ್ಕು ತಿಂಗಳು ನಾನು ಬಚ್ಚಿಟ್ಟ ಒಂದೊಂದು ತಪ್ಪೂ ಅವಳಿಗೆ ಬಾಯಿಪಾಠವಾಗಿತ್ತು. ತರಗತಿಯಲ್ಲಿ ದಡ್ಡನ ಪುಸ್ತಕ ತಿದ್ದುವವಳಂತೆ ಒಂದೊಂದಾಗಿ ತೋರಿಸಿದಳು. ಅವಳು ಗೆದ್ದರೆ ಮನೆ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಒಂದೊಂದಕ್ಕೂ ನನ್ನ ಬಾಯಿ ತಾನಾಗಿಯೇ ಸಮರ್ಥನೆ ಹೇಳುತ್ತಿತ್ತು. ನಾಚಿಕೆಗೆಟ್ಟ ಬಾಯಿ.

"ನುಡಿಸಿ," ಎಂದರು ತನಿಖಾಧಿಕಾರಿ.

ನುಡಿಸಿದೆ. ಬೆರಳೊತ್ತದೆ ಬಿಟ್ಟ ತಂತಿಗಳು ನಾಲ್ಕೂ ಚೆನ್ನಾಗಿಯೇ ನುಡಿದವು, ಡಂಗುರ ತಲೆದೂಗಿದ. ಆಮೇಲೆ ಕತ್ತಿನ ಮೇಲೆ ಸ್ವರಕ್ಕೊಂದರಂತಿರುವ ಮನೆಗಳಲ್ಲಿ ಐದನೆಯದರಲ್ಲಿ ಬೆರಳೊತ್ತಿ ಮೀಟಿದೆ. ಬಾಗಿಲ ಸಂದಿಗೆ ಬೆರಳು ಸಿಕ್ಕವರು ಮಾಡುವಂಥ ಒಂದು ಸದ್ದು ಬಂತು. ಏಳನೆಯ ಮನೆಯಲ್ಲಿ ಅದಕ್ಕೆ ಇನ್ನೊಬ್ಬರು ದನಿಗೂಡಿಸಿದರು. ಜೊತೆಗೆ ಬ್ಲೇಡು.

"ಸಾಕು, ಸಾಕು!" ಎಂದು ಮನೆಯೊಡತಿ ಕಿವಿ ಮುಚ್ಚಿಕೊಂಡರು. ಹನ್ನೊಂದು ವರ್ಷದಲ್ಲಿ ಅವರ ದನಿ ಏರಿದ್ದು ಅದೊಂದೇ ಸಲ. "ಇದು ಮೊದಲನೇದೇ. ಬರೆದುಕೊಳ್ಳಿ. ನಾನು ಬೇಕಾದ್ರೆ ಸಾಕ್ಷಿ ಹಾಕ್ತೀನಿ."

ಭಾವನ ಮುಖ ನೋಡುವಂತಿರಲಿಲ್ಲ. "ಮತ್ತೆ ಕೈಲಾದಷ್ಟು ಅಂದ್ರಲ್ಲ?" ಎಂದ.

"ಇಷ್ಟೇ ಭಾವ, ನನ್ನ ಕೈಲಾದದ್ದು," ಎಂದೆ.

ತನಿಖಾಧಿಕಾರಿ ನೂರ ತೊಂಬತ್ತೆಂಟನ್ನು ಹೊಡೆದುಹಾಕಿ ಒಂದು ಎಂದು ಬರೆದರು. ಹೆಂಡತಿ ನಿಟ್ಟುಸಿರು ಬಿಟ್ಟಳು. ಅವರು ನಮೂನೆಯ ಹಿಂಬದಿ ತಿರುಗಿಸಿ ಓದಿದರು, ಕನ್ನಡಕ ಇನ್ನಷ್ಟು ವಾಲಿತು.

"ಆದ್ರೆ ಇಲ್ಲೊಂದಿದೆ. ವರ್ಷಕ್ಕೆ ಒಂದು ಅಥವಾ ಅದಕ್ಕಿಂತ ಹೆಚ್ಚು ತಯಾರಾದ್ರೆ ಅದು ತಯಾರಿಕಾ ಘಟಕ. ಒಂದಾದ್ರೂ ಒಂದೇ, ನೂರಾದ್ರೂ ಒಂದೇ."

"ಹಾಗಾದ್ರೆ ಕಾಗದದ ಪ್ರಕಾರ ಆಗ್ಲಿ," ಎಂದು ಮನೆಯೊಡತಿ ಕರಾರನ್ನು ಮತ್ತೆ ಬಿಚ್ಚಿದರು. ಪಾಪ, ಅವರಿಗೂ ಬೇಸರವಾಗಿತ್ತು, ಆದರೆ ಕಾಗದ ಎಂದರೆ ಅವರಿಗೆ ಕಾಗದ.

ಹೆಂಡತಿ ಕುರ್ಚಿಯಲ್ಲಿ ಕುಸಿದಳು. ಎದುರು ಬೀದಿಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು, ಅವಳಿಲ್ಲದ ತರಗತಿ ಅದು. ನನಗೆ ತಡೆಯಲಾಗಲಿಲ್ಲ.

"ವರ್ಷಕ್ಕೆ ಒಂದು ಎಲ್ಲಿ ಸಾರ್!" ಎಂದು ಕೂಗಿಬಿಟ್ಟೆ. "ಇದೊಂದಕ್ಕೇ ಹದಿನಾಲ್ಕು ತಿಂಗಳು ಜೀವ ತೇಯ್ದಿದೀನಿ!"

ತನಿಖಾಧಿಕಾರಿ ಪೆನ್ನು ನಿಲ್ಲಿಸಿದರು. "ಹದಿನಾಲ್ಕಾ? ಪುರಾವೆ?"

"ನಾನಿದೀನಲ್ಲ ಪುರಾವೆ," ಎಂದು ಹೆಂಡತಿ ಎದ್ದುನಿಂತಳು. "ಕ್ಲಿಪ್ಪು ಕಳೆದುಹೋದ ದಿನದಿಂದ ಒಂದೊಂದು ತಿಂಗಳೂ ಹೇಳ್ತೀನಿ, ಬರ್ಕೊಳ್ಳಿ."

ಅವರು ಅಂಚಿನಲ್ಲಿ ಭಾಗಾಕಾರ ಮಾಡಿದರು. "ಹದಿನಾಲ್ಕು ತಿಂಗಳಿಗೆ ಒಂದು. ಅಂದ್ರೆ ಹನ್ನೆರಡು ತಿಂಗಳಿಗೆ ಮುಕ್ಕಾಲಿಗಿಂತ ಒಂಚೂರು ಜಾಸ್ತಿ. ನಿಯಮದಲ್ಲಿ ಭಿನ್ನರಾಶಿ ಬಂದ್ರೆ ಬಿಡತಕ್ಕದ್ದು ಅಂತಿದೆ." ಮುಕ್ಕಾಲನ್ನು ಹೊಡೆದುಹಾಕಿದರು. "ವಾರ್ಷಿಕ ಉತ್ಪಾದನೆ ಸೊನ್ನೆ. ಘಟಕ ಇಲ್ಲ. ಇಲ್ಲಿ ಸಹಿ ಹಾಕಿ."

"ಸೊನ್ನೆನಾ?" ಎಂದೆ.

"ಸೊನ್ನೆ."

"ಸಾರ್, ವಾದ್ಯ ನಿಮ್ಮ ಕೈಲೇ ಇದೆ. ನೀವು ಹಿಡ್ಕೊಂಡಿದೀರಿ. ಅದು ಸೊನ್ನೆ ಹೇಗಾಗುತ್ತೆ? ಒಂದಾದ್ರೂ ಬರೀರಿ!"

"ಒಂದು ಬರೆದ್ರೆ ಮನೆ ಖಾಲಿ ಮಾಡ್ತೀರಾ?"

ಹೆಂಡತಿ ನನ್ನ ಕೈಗೆ ಪೆನ್ನು ತುರುಕಿ, ಬೆರಳುಗಳನ್ನು ತಾನೇ ಮಡಚಿದಳು. "ಹಾಕಿ ರೀ. ನಿಮ್ಮ ದಮ್ಮಯ್ಯ." ಅವಳ ಕಣ್ಣು ತುಂಬಿತ್ತು. ಹಾಕಿದೆ. ನೂರ ಹದಿನೆಂಟು ಎಂದು ಮೆರೆದ ಕೈಯಿಂದಲೇ ಸೊನ್ನೆಯ ಕೆಳಗೆ ಸಹಿ ಹಾಕಿದೆ. ನನಗಾದ ಅವಮಾನವನ್ನು ಏನೆಂದು ಹೇಳಲಿ, ಆ ಅಧಿಕಾರಿಯ ಕನ್ನಡಕ ಸೊಟ್ಟಗೇ ಇರಲಿ ಎಂದು ಬಿಟ್ಟುಬಿಟ್ಟೆ.

ಅವರು ಹೊಸ್ತಿಲು ದಾಟುವಾಗ ತಿರುಗಿ, "ಮುಂದಿನ ವರ್ಷ ಮತ್ತೆ ಬರ್ತೀನಿ," ಎಂದರು. "ಎರಡನೇದನ್ನ ಹನ್ನೆರಡು ತಿಂಗಳೊಳಗೆ ಮುಗಿಸಿದ್ರೆ ಒಂದು ಅಂತ ಬರೀಬೇಕಾಗುತ್ತೆ. ಆಮೇಲೆ ನನ್ನ ಕೇಳಬೇಡಿ." ಮನೆಯೊಡತಿ ಗಂಭೀರವಾಗಿ ತಲೆಯಾಡಿಸಿದರು. ಡಂಗುರ ಯಾರಿಗೂ ಹೇಳದೆ ಹೊರಟುಹೋದ. ಅವನು ಸುದ್ದಿಯಿಲ್ಲದೆ ಹೋದದ್ದು ಚರಿತ್ರೆಯಲ್ಲೇ ಮೊದಲು.

ಒಂದು ವಾರ ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಆಮೇಲೆ ಎರಡನೆಯದಕ್ಕೆ ಪಟ್ಟಿ ನೆನೆಹಾಕಿದೆ. ಕಾದ ಕೊಳವೆಗೆ ಒತ್ತಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ, ಮೊದಲ ಸಲಕ್ಕೇ ಬಗ್ಗಿತು. ಇನ್ನೊಂದೂ ಬಗ್ಗಿತು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಕೈಗೆ ಗೊತ್ತಾಗಿಬಿಟ್ಟಿತ್ತು. ಕತ್ತು ಕೂದಲೆಳೆಯಷ್ಟೂ ಸೊಟ್ಟವಿಲ್ಲದೆ ಕೂತಿತು. ಐದನೆಯ ವಾರಕ್ಕೆ ಪೆಟ್ಟಿಗೆ ಮುಚ್ಚಿ, ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಮರಳುಕಾಗದ ಹಿಡಿದು ಉಜ್ಜುತ್ತಿದ್ದೆ. ಇನ್ನು ತಂತಿ ಕಟ್ಟುವುದೊಂದೇ ಬಾಕಿ. ಹೆಂಡತಿ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ಬಾ, ನೋಡು ಇಲ್ಲಿ," ಎಂದೆ. "ಜೀವಮಾನದಲ್ಲಿ ಒಂದು ಕೆಲಸ ನನ್ನ ಕೈಲಿ ಸರಿಯಾಗಿ ಬರ್ತಿದೆ ಕಣೇ."

ಅವಳು ಒಳಗೆ ಬಂದು, ವಾದ್ಯವನ್ನು ಎತ್ತಿಕೊಂಡು, ಮೇಲ್ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದಳು. ತುಂಬಿದ ದನಿಯೊಂದು ಎದ್ದು, ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಇನ್ನೊಮ್ಮೆ ತಟ್ಟಿ ಕಿವಿಗೊಟ್ಟಳು. ಕತ್ತಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದಳು, ತಪ್ಪು ಸಿಗಲಿಲ್ಲ. ಅವಳ ಮುಖ ಕಳೆಗುಂದಿತು.

"ಚೆನ್ನಾಗಿದೆ," ಎಂದಳು. ಹದಿನಾರು ತಿಂಗಳಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಅವಳು ಅದನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿ, ಮೇಲೆ ತನ್ನ ಹಳೆಯ ಶಾಲು ಹೊದಿಸಿದಳು. ನನ್ನ ರಟ್ಟೆ ಹಿಡಿದು ಕೋಣೆಯಿಂದ ಹೊರಗೆ ತಂದು ನಿಲ್ಲಿಸಿದಳು. ಬಾಗಿಲೆಳೆದು ಬೀಗ ಹಾಕಿ, ಬೀಗದಕೈಯನ್ನು ಚೀಲಕ್ಕೆ ಹಾಕಿಕೊಂಡಳು.

"ಕೆಟ್ಟದಾಗಿ ಮಾಡ್ತಿದ್ರೆ ನಾನು ಏನೂ ಅಂತಿರ್ಲಿಲ್ಲ ರೀ," ಎಂದಳು. "ಇನ್ನು ಹನ್ನೊಂದು ತಿಂಗಳು ಈ ಕಡೆ ಬರ್ಬೇಡಿ."